ಬಲ್ಲೆ, ಗೊತ್ತು, ಬರುತ್ತದೆ

ಬನಹಟ್ಟಿಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಕಾಲದ ಮಾತು. ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ‘ನನ್ನ ತಂದೆ’ ಎಂಬ ವಿಷಯ ಕೊಟ್ಟು, ಒಂದು ಪುಟದಷ್ಟು ಪ್ರಬಂಧ ಬರೆದು ತರಲು ಹೇಳಿದ್ದೆ. ನೇಕಾರರ ಓಣಿಯಿಂದ ಬರುತ್ತಿದ್ದ ಒಬ್ಬ ಹುಡುಗ ಬರೆದದ್ದು ಎಂಟೇ ಸಾಲು. ಅವುಗಳ ನಡುವೆ ಈ ಎರಡು ವಾಕ್ಯಗಳಿದ್ದವು: “ನಮ್ಮ ಅಪ್ಪನಿಗೆ ಏನೂ ಗೊತ್ತಿಲ್ಲ. ಅವನಿಗೆ ನೇಯಲು ಮಾತ್ರ ಬರುತ್ತದೆ.”

ಕೆಂಪು ಮಸಿಯ ಲೇಖಣಿ ಹಿಡಿದು ನಾನು ಅದನ್ನು ಓದಿದೆ. ಒತ್ತಕ್ಷರ ತಪ್ಪಿದ್ದ ಎರಡು ಕಡೆ ತಿದ್ದಿದೆ. ಈ ವಾಕ್ಯಗಳಲ್ಲಿ ವ್ಯಾಕರಣದೋಷವೇನೂ ಇರಲಿಲ್ಲ. ಆದುದರಿಂದ ಅವುಗಳ ಮಗ್ಗುಲಿಗೆ ‘ಸರಿ’ಯ ಗುರುತು ಹಾಕಿ, ಹತ್ತಕ್ಕೆ ಏಳು ಅಂಕ ಕೊಟ್ಟು ವಹಿಯನ್ನು ಹಿಂದಿರುಗಿಸಿದೆ. ಮೂವತ್ತು ವರ್ಷ ಕಳೆದರೂ ಆ ‘ಸರಿ’ಯ ಗುರುತು ನನ್ನ ಕಣ್ಣಿನಿಂದ ಮರೆಯಾಗಿಲ್ಲ. ಅದೇಕೆಂಬುದನ್ನು ಹೇಳಬೇಕಾದರೆ ಸ್ವಲ್ಪ ಸುತ್ತಿನ ದಾರಿ ಹಿಡಿಯಬೇಕಾಗುತ್ತದೆ. ಓದುಗರು ಸೈರಿಸಿಕೊಳ್ಳಬೇಕು.

ಧಾರವಾಡದಲ್ಲಿ ಓದುತ್ತಿದ್ದಾಗ ನಾನು ಸಂಜೆಯ ಹೊತ್ತು ಎರಡು ವರ್ಷ ಫ್ರೆಂಚ್ ಭಾಷೆಯನ್ನು ಕಲಿತಿದ್ದೆ. ‘ನನ್ನ ನೆರೆಯವನನ್ನು ನಾನು ಬಲ್ಲೆ’ ಎಂಬ ವಾಕ್ಯವನ್ನು ಅನುವಾದಿಸಲು ಗುರುಗಳು ಒಮ್ಮೆ ಹೇಳಿದರು. ನಾನು ನಿಘಂಟು ನೋಡಿ ‘ಸಾವ್ವಾರ್’ ಎಂಬ ಕ್ರಿಯಾಪದವನ್ನು ಹಾಕಿದೆ. ಅವರು ನಕ್ಕು, “ನೀವು ನೆರೆಯವನನ್ನು ಪಾಠದ ಹಾಗೆ ಉರು ಹೊಡೆದಿರುವಿರೇನು?” ಎಂದರು. ಸುದ್ದಿ, ಸಂಗತಿ, ಪಾಠ, ಕಸಬು ಇವುಗಳನ್ನು ಬಲ್ಲೆನೆನ್ನಲು ‘ಸಾವ್ವಾರ್’. ಮನುಷ್ಯನನ್ನೋ ಊರನ್ನೋ ಬಲ್ಲೆನೆನ್ನಲು ‘ಕೊನೆತ್ರ್’. ಒಂದರ ಎಡೆಯಲ್ಲಿ ಇನ್ನೊಂದನ್ನು ಬಳಸಿದರೆ ಫ್ರೆಂಚರ ಕಿವಿಗೆ ಅದು ಕಲ್ಲು ಕಡಿದಂತಾಗುತ್ತದೆ.

ಲ್ಯಾಟಿನ್ನಿನಿಂದ ಕವಲೊಡೆದು ಬಂದ ನುಡಿಗಳನ್ನು ರೋಮಾನ್ಸ್ ಭಾಷೆಗಳೆಂದು ಕರೆಯುತ್ತಾರೆ. ಇವು ನಮಗೆ ತೀರ ದೂರದವೆಂದು ತಿಳಿಯಬೇಕಾಗಿಲ್ಲ. ಅವುಗಳಲ್ಲಿ ಒಂದಾದ ಪೋರ್ಚುಗೀಸ್ 1510 ರಿಂದ 1961 ರ ವರೆಗೆ ನಮ್ಮ ನೆರೆಯ ಗೋವೆಯಲ್ಲಿ ಆಳುವವರ ಮಾತಾಗಿತ್ತು. ನಮ್ಮ ಮನೆಯ ‘ಅಲಮಾರಿ’ ಪೋರ್ಚುಗೀಸರ ‘ಅರ್ಮಾರಿಯು’. ಅದರ ಹಿಂದೆ ಲ್ಯಾಟಿನ್ನಿನ ‘ಅರ್ಮಾರಿಯುಂ’ ನಿಂತಿದೆ. ಈ ಭಾಷೆಗಳೆಲ್ಲ ಮೇಲೆ ಹೇಳಿದ ಭೇದವನ್ನು ಕಾಪಾಡಿಕೊಂಡು ಬಂದಿವೆ. ಸ್ಪ್ಯಾನಿಷ್‌ನಲ್ಲಿ ‘ಸಾಬೆರ್’ ಮತ್ತು ‘ಕೊನೊಸೆರ್’, ಇಟಾಲಿಯನ್‌ನಲ್ಲಿ ‘ಸಪೇರೆ’ ಮತ್ತು ‘ಕೊನೋಶೆರೆ’, ಪೋರ್ಚುಗೀಸ್‌ನಲ್ಲಿ ‘ಸಾಬೆರ್’ ಮತ್ತು ‘ಕೊನ್ಯೆಸೆರ್’. ಈ ಜೋಡಿಗಳಲ್ಲಿ ಎರಡನೆಯದು ಲ್ಯಾಟಿನ್ನಿನ ‘ಕೊಗ್ನೋಸ್ಕೆರೆ’ಯಿಂದ ಬಂದುದು. ಅದರೊಳಗಿನ ‘ಗ್ನೋ’ ಎಂಬುದೂ ಸಂಸ್ಕೃತದ ‘ಜ್ಞಾ’ ಎಂಬುದೂ ಒಂದೇ ಬೇರಿನವು. ಹಾಗೆ ನೋಡಿದರೆ ನಾವು ದಿನವೂ ಹೇಳುವ ‘ಜ್ಞಾನ’ ಫ್ರೆಂಚರ ‘ಕೊನೆತ್ರ್’ಗೆ ದೂರದ ದಾಯಾದಿ.

ಮೊದಲನೆಯ ಪದದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ‘ಸಾವ್ವಾರ್’, ‘ಸಾಬೆರ್’, ‘ಸಪೇರೆ’ ಇವೆಲ್ಲ ಲ್ಯಾಟಿನ್ನಿನ ‘ಸಪೆರೆ’ಯ ಮಕ್ಕಳು. ‘ಸಪೆರೆ’ ಎಂಬುದರ ಮೂಲಾರ್ಥ ರುಚಿಯಿರುವುದು, ರುಚಿ ನೋಡುವುದು. ನಾಲಗೆಯ ಮೇಲೆ ಸಿಹಿ ಕಹಿಗಳನ್ನು ಬೇರ್ಪಡಿಸಬಲ್ಲವನು ಬಾಳಿನಲ್ಲಿಯೂ ಒಳ್ಳಿತು ಕೆಡುಕುಗಳನ್ನು ಬೇರ್ಪಡಿಸಬಲ್ಲನೆಂದು ರೋಮನರು ಎಣಿಸಿದರೋ ಏನೋ! ರುಚಿಯ ಮಾತು ವಿವೇಕದ ಮಾತಾಯಿತು. ವಿವೇಕದ ಮಾತು ತಿಳಿವಳಿಕೆಯ ಮಾತಾಯಿತು. 1758 ರಲ್ಲಿ ಲಿನ್ನೇಯಸ್ ಮನುಷ್ಯಜಾತಿಗೆ ‘ಹೋಮೋ ಸೇಪಿಯೆನ್ಸ್’ ಎಂದು ಹೆಸರಿಟ್ಟಾಗ ಇದೇ ಪದವನ್ನು ಬಳಸಿದ. ಸ್ಪ್ಯಾನಿಷ್‌ನಲ್ಲಿ ಇಂದಿಗೂ ಈ ಎರಡು ಅರ್ಥಗಳೂ ಅಗಲಿಲ್ಲ. ಅಡುಗೆಯವಳಿಗೆ ಅಡುಗೆ ಗೊತ್ತು ಎನ್ನಲೂ ‘ಸಾಬೆ’. ಅವಳು ಮಾಡಿದ ಸಾರಿನಲ್ಲಿ ಬೆಳ್ಳುಳ್ಳಿಯ ರುಚಿಯಿದೆ ಎನ್ನಲೂ ‘ಸಾಬೆ’.

ಈ ಸಂಗತಿಯನ್ನು ಓದಿದ ದಿನ ನನ್ನ ಮನಸ್ಸು ಥಟ್ಟನೆ ಊರಿಗೆ ಓಡಿತು. “ಬಲ್ಲವನೇ ಬಲ್ಲ ಬೆಲ್ಲದ ಸವಿಯ” ಎಂದು ನಮ್ಮ ಕಡೆ ಚಿಕ್ಕ ಮಕ್ಕಳೂ ಆಡುವ ಗಾದೆಯುಂಟಲ್ಲವೆ? ಬಲ್ಮೆಯನ್ನೂ ಸವಿಯನ್ನೂ ಒಂದೇ ಉಸಿರಿನಲ್ಲಿ ಹೇಳಲು ನಮ್ಮ ಹಿರಿಯರು ರೋಮಿಗೆ ಹೋಗಬೇಕಾಗಿರಲಿಲ್ಲ. ಕೃಷ್ಣಾ ಘಟಪ್ರಭೆಗಳ ನಡುವಿನ ನಮ್ಮ ಸೀಮೆ ಕಬ್ಬಿನ ಸೀಮೆ. ಮಹಾಲಿಂಗಪುರದ ಪೇಟೆ ಬೆಲ್ಲಕ್ಕೆ ಹೆಸರಾದುದು. ಗಾದೆಯ ನಿಜವನ್ನು ಪರೀಕ್ಷಿಸಬೇಕೆಂದು ನಾನು ಒಮ್ಮೆ ಸುಗ್ಗಿಯಲ್ಲಿ ಮುಧೋಳದ ಹತ್ತಿರದ ಹಳ್ಳಿಯೊಂದರ ಗಾಣದ ಮನೆಗೆ ಹೋದೆ.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಂಡೆಯ ಗಿಡವನ್ನು ಜಜ್ಜಿ ಹಿಂಡಿದ ಲೋಳೆಯನ್ನು ಅದಕ್ಕೆ ಬಿಟ್ಟಿದ್ದರು. ಲೋಳೆ ಹಿಡಿದು ತಂದ ಕೊಳೆ ನೊರೆಗಟ್ಟಿ ಮೇಲೆ ಬಂದಂತೆ ಅದನ್ನು ತೆಗೆದು ಚೆಲ್ಲುತ್ತಿದ್ದರು. ಮಬ್ಬಾಗಿದ್ದ ರಸ ಹೊತ್ತು ಹೋದಂತೆ ತಿಳಿಯಾಗುತ್ತ, ತಿಳಿಯಾದದ್ದು ಕೆಂಪಾಗುತ್ತ, ಕೆಂಪಾದದ್ದು ಮಂದವಾಗುತ್ತ ಬಂದಿತು. ಪಾಕ ನೋಡುವ ಮುದುಕನೊಬ್ಬ ಬೆಂಕಿಯ ಝಳಕ್ಕೆ ಮುಖ ಓರೆ ಮಾಡಿ ನಿಂತಿದ್ದ. ಕೋಲಿನ ತುದಿಯಿಂದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳಿನಿಂದ ಉಂಡೆ ಮಾಡಿ ನೋಡಿದ, ತಲೆಯಲ್ಲಾಡಿಸಿದ. ಮತ್ತೆ ಸ್ವಲ್ಪ ಹೊತ್ತಿಗೆ ಹಾಗೆಯೇ ಮಾಡಿ, ‘ಇಳಸ್ರಿ’ ಎಂದ. ನಾಲ್ಕು ಜನ ಕೂಡಿ ಕೊಪ್ಪರಿಗೆಯನ್ನು ಇಳಿಸಿದರು.

“ಅಜ್ಜಾರ, ಪಾಕ ಬಂತು ಅಂತ ಹೆಂಗ ಗೊತ್ತಾಗತೈತ್ರಿ?” ಎಂದು ಕೇಳಿದೆ.

“ಗೊತ್ತಾಗೂದಲ್ರಿ ಮಾಸ್ತರ ಅದು, ತಿಳೀತೈತಿ” ಎಂದ ಆತ, ಕೈ ತೊಳೆಯುತ್ತ. “ಹೇಳಿದ್ರ ಗೊತ್ತಾಗತೈತಿ. ಮಾಡಿದ್ರ ತಿಳೀತೈತಿ.”

ನಿಘಂಟುಕಾರರು ಪುಟಗಟ್ಟಲೆ ಬರೆದು ತೋರಿಸಬಹುದಾದ ಭೇದವನ್ನು ಆ ಮುದುಕ ಎರಡು ವಾಕ್ಯಗಳಲ್ಲಿ ತೋರಿಸಿದ್ದ. ‘ತಿಳಿ’ ಎಂದರೆ ಸ್ವಚ್ಛವಾಗು, ಕೆಸರು ತಳಕ್ಕೆ ಇಳಿದು ನೀರು ಕಾಣುವಂತಾಗು ಎಂದು ಮೊದಲ ಅರ್ಥ. ಮಳೆಗಾಲದ ಹೊಳೆಯ ರಾಡಿ ನೀರನ್ನು ಕೊಡದಲ್ಲಿ ತುಂಬಿ ಇರುಳೆಲ್ಲ ಅಲುಗಿಸದೆ ಇಟ್ಟರೆ, ಬೆಳಗಿನಲ್ಲಿ ಮೇಲೆ ನಿಂತಿರುತ್ತದಲ್ಲ, ಅದು ತಿಳಿನೀರು. ಮನಸ್ಸಿನಲ್ಲಿಯೂ ಹಾಗೆಯೇ ಆಗುವುದನ್ನು ಕಂಡು ನಮ್ಮವರು ‘ತಿಳಿಯಿತು’ ಎಂದರು. ತಮಿಳಿನ ‘ತೆಳಿ’, ತೆಲುಗಿನ ‘ತೆಲಿಯು’ ಇದರ ಒಡಹುಟ್ಟಿದವು. ‘ಗೊತ್ತು’ ಎಂಬುದರ ಮೂಲ ಬೇರೆ. ಅದು ಮೊದಲಿಗೆ ಕ್ರಿಯಾಪದವೇ ಅಲ್ಲ, ನಾಮಪದ. ಗೊತ್ತಾದ ಜಾಗ, ಗೊತ್ತುಪಡಿಸಿದ ದಿನ, ಗೊತ್ತುಗುರಿಯಿಲ್ಲದ ಮಾತು, ಸಭೆ ಅಂಗೀಕರಿಸಿದ ಗೊತ್ತುವಳಿ ಎನ್ನುವಾಗ ನೆಲೆ, ನಿಶ್ಚಯ ಎಂಬ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಒಂದು ಸಂಗತಿ ಮನಸ್ಸಿನಲ್ಲಿ ಇಂಥ ಕಡೆ ನೆಲೆ ನಿಂತಿದೆ ಎಂದಾಗ ಅದು ‘ಗೊತ್ತು’. ಇನ್ನು ‘ಬಲ್ಲೆ’ ಎಂಬುದು ಸಾಮರ್ಥ್ಯದ ಮಾತು. ‘ಮಾಡಬಲ್ಲೆ’, ‘ಹಾಡಬಲ್ಲೆ’ ಎನ್ನುವಾಗಲೂ ಅದೇ ಪದ. ತಮಿಳಿನಲ್ಲಿ ಬಲವನ್ನು ಹೇಳುವ ‘ವಲ್’ ಎಂಬುದು ಇದರ ಬಳಗ. ಒಂದು ತಿಳಿನೀರು, ಒಂದು ನೆಲೆ, ಒಂದು ಬಲ. ಇಂಗ್ಲಿಷಿನ ಒಂದೇ ಕ್ರಿಯಾಪದ ಹೊರುವ ಹೊರೆಯನ್ನು ನಾವು ಇಷ್ಟು ಜನರ ಹೆಗಲಿಗೆ ಹಂಚಿದ್ದೇವೆ.

‘ಗೊತ್ತು’ ಎಂದರೆ ನೆಲೆ ಎಂಬುದು ನನ್ನ ಎದೆಗೆ ತಾಕಿದ್ದು ಬೀಳಗಿಯ ಕಡೆ. ಆಲಮಟ್ಟಿಯ ಹಿನ್ನೀರಿನಲ್ಲಿ ಆ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿ, ಜನ ಪುನರ್ವಸತಿಯ ಹೊಸ ಊರುಗಳಿಗೆ ಬಂದರು. ಅಂಥದೊಂದು ಊರಿನಲ್ಲಿ, ಒಂದೇ ಅಳತೆಯ ಮನೆಗಳ ಸಾಲಿನಲ್ಲಿ, ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳನ್ನು ಹಳೆಯ ಊರಿನ ವಿಷಯ ಕೇಳಿದೆ. “ನಮ್ಮೂರ ಹಾದಿ ಕಣ್ಣ ಮುಚ್ಚಿದ್ರೂ ಗೊತ್ತೈತಿ ತಮ್ಮಾ. ಹಾದೀನ ಇಲ್ಲ ಈಗ” ಎಂದಳು. ನೆಲೆ ನೀರಿನಡಿಗೆ ಹೋಗಿದೆ. ಗೊತ್ತು ಮಾತ್ರ ಉಳಿದಿದೆ. ಆ ಪದದ ಎರಡು ಅರ್ಥಗಳು ಹೀಗೆ ಅಗಲಿ ನಿಂತುದನ್ನು ನಾನು ಯಾವ ನಿಘಂಟಿನಲ್ಲಿಯೂ ಕಾಣಲಿಲ್ಲ.

ಇಷ್ಟೆಲ್ಲ ಹೇಳಿ, ನಮ್ಮ ಅತ್ಯಂತ ಹಳೆಯ ಪದವನ್ನು ಬಿಟ್ಟರೆ ನ್ಯಾಯವಾಗದು. ಅದು ‘ಅರಿ’. ಅದಕ್ಕೂ ಲ್ಯಾಟಿನ್ನಿನಲ್ಲಿ ಒಂದು ಜೋಡಿಯುಂಟು. ರೋಮನರ ಶಿಷ್ಟ ಭಾಷೆಯಲ್ಲಿ ತಿಳಿ ಎಂಬುದಕ್ಕೆ ಮುಖ್ಯ ಪದ ‘ಸಪೆರೆ’ ಆಗಿರಲಿಲ್ಲ, ‘ಸ್ಕೀರೆ’ ಆಗಿತ್ತು. ಕಾಲಕ್ರಮದಲ್ಲಿ ಜನಸಾಮಾನ್ಯರ ಬಾಯಲ್ಲಿ ಅದು ಸವೆದು, ಅಡುಗೆಮನೆಯಿಂದ ಬಂದ ‘ಸಪೆರೆ’ ಅದರ ಪೀಠವನ್ನೇರಿತು. ಹಳೆಯ ‘ಸ್ಕೀರೆ’ಯನ್ನು ಆಡುಮಾತಿನಲ್ಲಿ ಉಳಿಸಿಕೊಂಡವು ಅಂಚಿನ ನುಡಿಗಳು: ರುಮೇನಿಯನ್ನಿನ ‘ಶ್ತಿ’, ಸಾರ್ದಿನಿಯಾ ದ್ವೀಪದ ‘ಇಸ್ಕಿರೆ’. ಬೇರೆಡೆ ಅದು ಪಂಡಿತರ ಆಶ್ರಯದಲ್ಲಿ ಬಾಳಿತು. ಇಂದು ಲೋಕವೆಲ್ಲ ಹೇಳುವ ‘ಸೈನ್ಸ್’ ಆ ಬೇರಿನದು. ನಮ್ಮ ‘ಅರಿ’ಯ ಪಾಡೂ ಇದೇ. ‘ನಾನು ಅರಿತೆ’ ಎಂದು ಸಂತೆಯಲ್ಲಿ ಯಾರೂ ಹೇಳುವುದಿಲ್ಲ. ‘ಅರಿಯದ ಕೂಸು’ ಎಂಬಂಥ ನಾಲ್ಕಾರು ಮಾತುಗಳನ್ನು ಬಿಟ್ಟರೆ, ಅದು ಗ್ರಂಥಗಳಲ್ಲಿಯೂ ಶರಣರು ಏರಿಸಿಟ್ಟ ‘ಅರಿವು’ ಎಂಬ ಎತ್ತರದ ಪೀಠದಲ್ಲಿಯೂ ಉಳಿದಿದೆ. ಆದರೆ ಮಲೆಯಾಳದ ಮಗು ಇಂದಿಗೂ ‘ಎನಿಕ್ಕ್ ಅರಿಯಾಂ’ ಎಂದೇ ಹೇಳುತ್ತದೆ. ನಮ್ಮ ಬಳಗದಲ್ಲಿ ಹಳೆಯ ಪದವನ್ನು ಮನೆಮಾತಿನಲ್ಲಿ ಉಳಿಸಿಕೊಂಡ ರುಮೇನಿಯಾ ಎಂದರೆ ಅದು.

ಇಲ್ಲಿ ನನ್ನದೊಂದು ಅವಿವೇಕವನ್ನು ಒಪ್ಪಿಕೊಳ್ಳಬೇಕು. ‘ಸ್ಕೀರೆ’ಯನ್ನು ವಿದ್ವಾಂಸರು ಕಡಿ, ಸೀಳು ಎಂಬರ್ಥದ ಪ್ರಾಚೀನ ಧಾತುವಿಗೆ ಜೋಡಿಸುತ್ತಾರೆ, ಒಂದನ್ನೊಂದರಿಂದ ಬೇರ್ಪಡಿಸಿ ನೋಡುವುದೇ ತಿಳಿಯುವುದು ಎಂಬ ಭಾವ. ಕನ್ನಡದಲ್ಲಿಯೂ ಕತ್ತರಿಸು ಎಂಬರ್ಥದ ‘ಅರಿ’ ಉಂಟು. ಇದು ಹೊಳೆದದ್ದೇ ತಡ, ನನಗೆ ರೆಕ್ಕೆ ಮೂಡಿದಂತಾಯಿತು. ಜಮಖಂಡಿಯಲ್ಲಿ ನಡೆದ ಶಿಕ್ಷಕರ ಕೂಟವೊಂದರಲ್ಲಿ, ಕನ್ನಡಿಗರೂ ರೋಮನರೂ ಕಡಿಯುವುದರಿಂದಲೇ ಅರಿವನ್ನು ಕಟ್ಟಿದರೆಂದು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದೆ. ಚಪ್ಪಾಳೆ ಬಿದ್ದಿತು. ಮನೆಗೆ ಬಂದು, ಮಂಗಳೂರಿನಲ್ಲಿ 1894 ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿದರೆ, ತಿಳಿ ಎಂಬರ್ಥದ ಪದ ‘ಅಱಿ’. ಕತ್ತರಿಸು ಎಂಬರ್ಥದ್ದು ‘ಅರಿ’. ಹಳಗನ್ನಡದಲ್ಲಿ ಶಕಟರೇಫ ಬೇರೆ, ಸಾಮಾನ್ಯ ರೇಫ ಬೇರೆ. ಎರಡು ಬೇರೆ ಬೇರೆ ಪದಗಳು, ಒಂದು ಅಕ್ಷರ ಬಳಕೆ ತಪ್ಪಿಹೋದುದರಿಂದ, ಒಂದೇ ವೇಷ ತೊಟ್ಟು ನನ್ನ ಮುಂದೆ ನಿಂತಿದ್ದವು. ಮುಧೋಳದ ಬಳೆಗಾರರ ಮನೆಯಲ್ಲಿ 949 ರಲ್ಲಿ ಹುಟ್ಟಿ, ವಿದ್ಯೆಗಾಗಿ ದೂರದ ಗಂಗನಾಡಿಗೆ ಹೋಗಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ ರನ್ನನಿಗೆ ಈ ಗೊಂದಲ ಆಗುತ್ತಿರಲಿಲ್ಲ. ಅವನ ಕಾಲಕ್ಕೆ ಎರಡು ಅಕ್ಷರಗಳೂ ಬೇರೆಯಾಗಿ ಬಳಕೆಯಲ್ಲಿದ್ದವು.

ನನಗೆ ಸಮಾಧಾನವಾದದ್ದು, ಈ ತಪ್ಪಿಗೆ ಘನವಾದ ಪೂರ್ವಿಕರಿದ್ದಾರೆಂದು ತಿಳಿದಾಗ. ಫ್ರಾನ್ಸಿನ ಪಂಡಿತರು ಒಂದು ಕಾಲಕ್ಕೆ ‘ಸಾವ್ವಾರ್’ ಎಂಬುದು ‘ಸ್ಕೀರೆ’ಯಿಂದ ಬಂದಿದೆಯೆಂದು ಭ್ರಮಿಸಿ, ಉಚ್ಚಾರದಲ್ಲಿ ಇಲ್ಲದ ಒಂದು ಅಕ್ಷರವನ್ನು ಅದರ ಕಾಗುಣಿತದಲ್ಲಿ ತುರುಕಿದ್ದರು. ರುಚಿಯ ಮನೆಯಿಂದ ಬಂದ ಪದಕ್ಕೆ ಶಾಸ್ತ್ರದ ಮನೆತನದ ಹೆಸರು ಕಟ್ಟುವ ಆಸೆ! ಆ ಅಕ್ಷರ ತಲೆಮಾರುಗಳ ಕಾಲ ಪುಸ್ತಕಗಳಲ್ಲಿ ಕುಳಿತಿದ್ದು ಆಮೇಲೆ ಬಿದ್ದುಹೋಯಿತು. ನಾನೂ ಮುಂದಿನ ಕೂಟದಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಂಡೆ. ಆ ಸಲ ಚಪ್ಪಾಳೆ ಬೀಳಲಿಲ್ಲ.

ಆದರೆ ಬೇರುಗಳನ್ನು ಅಗೆಯುವ ಭರದಲ್ಲಿ ನಾನು ಬಹುಕಾಲ ಗಮನಿಸದೆ ಇದ್ದುದು ಕಣ್ಣೆದುರಿನ ವಾಕ್ಯರಚನೆಯನ್ನು. ಸ್ಪ್ಯಾನಿಷ್ ಕಲಿಯುವವರಿಗೆ ಒಂದು ಕಷ್ಟವುಂಟು. ‘ಸಾಬೆರ್’ ಎಂಬುದನ್ನು ಒಂದು ಭೂತಕಾಲದಲ್ಲಿ ‘ಸಾಬಿಯಾ’ ಎಂದರೆ ಮೊದಲೇ ತಿಳಿದಿತ್ತು ಎಂದಾಗುತ್ತದೆ. ಇನ್ನೊಂದು ಭೂತಕಾಲದಲ್ಲಿ ‘ಸೂಪೆ’ ಎಂದರೆ ಆ ಗಳಿಗೆಯಲ್ಲಿ ತಿಳಿದುಬಂದಿತು ಎಂದಾಗುತ್ತದೆ. ‘ಕೊನೊಸಿಯಾ’ ಎಂದರೆ ಪರಿಚಯವಿತ್ತು. ‘ಕೊನೊಸಿ’ ಎಂದರೆ ಪರಿಚಯವಾಯಿತು. ಇಂಗ್ಲಿಷಿನವರು ಇದಕ್ಕಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಕನ್ನಡದ ಹುಡುಗನಿಗೆ ಇದರಲ್ಲಿ ಕಲಿಯುವುದೇನಿದೆ? ‘ಗೊತ್ತಿತ್ತು’ ಮತ್ತು ‘ಗೊತ್ತಾಯಿತು’ ಎಂಬ ಭೇದವನ್ನು ಅವನು ತಾಯಿಯ ತೊಡೆಯ ಮೇಲೆಯೇ ಕಲಿತಿರುತ್ತಾನೆ. ಲ್ಯಾಟಿನ್ನಿನ ‘ನೋವಿ’ ಎಂಬ ರೂಪ ಭೂತಕಾಲದ್ದು, ಅರ್ಥ ವರ್ತಮಾನದ್ದು: ತಿಳಿದುಕೊಂಡೆ, ಆದುದರಿಂದ ಈಗ ಬಲ್ಲೆ. ನಮ್ಮ ‘ತಿಳಿದಿದೆ’ ಎಂಬುದೂ ಹಾಗೆಯೇ.

ಇನ್ನೊಂದು ದೊಡ್ಡ ಭೇದವುಂಟು. ರೋಮಾನ್ಸ್ ಭಾಷೆಗಳಲ್ಲಿ ತಿಳಿಯುವವನು ಕರ್ತೃ. ‘ನಾನು’ ಮುಂದೆ ನಿಲ್ಲುತ್ತೇನೆ. ನಾವು ‘ನಾನು ಬಲ್ಲೆ’ ಎನ್ನುವುದು ಅಪರೂಪ. ‘ನನಗೆ ಗೊತ್ತು’, ‘ನನಗೆ ತಿಳಿಯಿತು’, ‘ನನಗೆ ಬರುತ್ತದೆ’ ಎಂದು ಚತುರ್ಥಿಯಲ್ಲಿ ಸರಿದು ನಿಂತು, ವಿದ್ಯೆಗೆ ದಾರಿ ಬಿಡುತ್ತೇವೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಈ ಸಂಸ್ಥಾನಗಳು 1948 ರಲ್ಲಿ ವಿಲೀನವಾಗುವ ವರೆಗೆ ನಮ್ಮ ಭಾಗದಲ್ಲಿ ಮರಾಠಿಯ ಸಹವಾಸ ಬಲವಾಗಿತ್ತು. ಆ ನುಡಿಯೂ ಬೇರೆ ಕುಟುಂಬದ್ದಾದರೂ ಈ ವಿನಯದಲ್ಲಿ ನಮ್ಮ ಜತೆಯದೇ. ‘ಮಲಾ ಠಾವೂಕ ಆಹೇ’, ನನಗೆ ಗೊತ್ತಿದೆ. ‘ಮಲಾ ಪೋಹತಾ ಯೇತೇ’, ನನಗೆ ಈಸು ಬರುತ್ತದೆ. ‘ಠಾವ್’ ಎಂದರೆ ಅಲ್ಲಿಯೂ ನೆಲೆ. ಕಸಬನ್ನು ಹೇಳುವಾಗ ಫ್ರೆಂಚನು ‘ಸಾವ್ವಾರ್’ ಎನ್ನುತ್ತಾನೆ, ಅಂದರೆ ಪಾಠಕ್ಕೂ ಈಸಿಗೂ ಅವನಲ್ಲಿ ಒಂದೇ ಪದ, ಒಂದೇ ಮರ್ಯಾದೆ. ನಾವು ಮಾತ್ರ ಕಸಬಿಗೆ ‘ಬರುತ್ತದೆ’ ಎಂಬ ಬೇರೆ ಪದವನ್ನು ಇಟ್ಟುಕೊಂಡೆವು. ಅದು ಚೆಲುವಾದ ಪದ. ವಿದ್ಯೆ ನಡೆದು ಬಂದು ಕೈಯಲ್ಲಿ ಕುಳಿತಿದೆ ಎಂದು ಅದರ ಅರ್ಥ. ಆದರೆ ಪದ ಬೇರೆಯಾದಲ್ಲಿ ಪಂಕ್ತಿಯೂ ಬೇರೆಯಾಗುವ ಅಪಾಯವುಂಟು.

ಹೀಗೆ ಯೋಚಿಸುತ್ತಿದ್ದಾಗಲೇ ನನಗೆ ಆ ಹುಡುಗನ ಎಂಟು ಸಾಲಿನ ಪ್ರಬಂಧ ನೆನಪಾದದ್ದು. ಅವನು ಶಾಲೆ ಬಿಟ್ಟು ಹೋಗಿ ಕೆಲವು ವರ್ಷಗಳಾಗಿದ್ದವು. ತಂದೆಯನ್ನು ಅವನು ಹಗುರವಾಗಿ ಕಂಡನಲ್ಲ, ನಾನು ಅದಕ್ಕೆ ‘ಸರಿ’ ಎಂದು ಗುರುತು ಹಾಕಿದೆನಲ್ಲ ಎಂದು ಮನಸ್ಸು ಕಸಿವಿಸಿಗೊಂಡಿತು. ಒಂದು ದಿನ ಆ ಓಣಿಗೆ ಹೋದೆ. ಸುತ್ತಮುತ್ತ ವಿದ್ಯುತ್ ಮಗ್ಗಗಳ ಸದ್ದು. ಆ ಮನೆಯಲ್ಲಿ ಮಾತ್ರ ಇನ್ನೂ ಕೈಮಗ್ಗವಿತ್ತು. ಹುಡುಗ ಕೆಲಸಕ್ಕಾಗಿ ಬೇರೆ ಊರಿಗೆ ಹೋಗಿದ್ದ. ತಂದೆ ಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. “ಬರ್ರಿ ಸರ, ಕುಂದರ್ರಿ” ಎಂದು, ಒಳಗೆ ಚಹಕ್ಕೆ ಹೇಳಿ, ಮಾತಾಡುತ್ತಲೇ ಲಾಳಿ ಓಡಿಸುತ್ತಿದ್ದರು. ನಡುವೆ ಹಾಸಿನ ಒಂದು ಎಳೆ ಕಡಿಯಿತು. ನನಗೆ ಅದು ಕಾಣಲೂ ಇಲ್ಲ. ಅವರು ನನ್ನ ಮುಖದಿಂದ ಕಣ್ಣು ತೆಗೆಯದೆ, ಸಾವಿರಾರು ಎಳೆಗಳ ನಡುವೆ ಬೆರಳಾಡಿಸಿ, ಅದನ್ನು ಹಿಡಿದು, ಗಂಟು ಹಾಕಿ, ಮತ್ತೆ ಲಾಳಿ ಓಡಿಸಿದರು.

“ಕಡದದ್ದು ಯಾವ ಎಳಿ ಅಂತ ನಿಮಗ ಹೆಂಗ ಗೊತ್ತಾತ್ರಿ?” ಎಂದೆ.

ಅವರು ಸಂಕೋಚದಿಂದ ನಕ್ಕರು. “ನಮಗೇನು ಗೊತ್ತೈತ್ರಿ ಸರ! ನಮಗ ಏನೂ ಗೊತ್ತಿಲ್ರಿ. ನೇಯಾಕಷ್ಟ ಬರತೈತಿ, ನೋಡ್ರಿ.”

ನಾನು ಸುಮ್ಮನೆ ಕುಳಿತೆ. ಆ ವಾಕ್ಯ ಮಗನದಾಗಿರಲಿಲ್ಲ. ತಂದೆ ಆಡಿದ್ದನ್ನೇ ಆ ಹುಡುಗ ಗ್ರಂಥದ ಭಾಷೆಗೆ ತಿರುಗಿಸಿ, ತಪ್ಪಿಲ್ಲದೆ ಬರೆದಿದ್ದ. ಅಪ್ಪನ ಬಾಯಲ್ಲಿ ವಿನಯವಾಗಿದ್ದುದು ಮಗನ ವಹಿಯಲ್ಲಿ ಸತ್ಯವಾಗಿ ಇಳಿದಿತ್ತು. ನನ್ನ ಕೆಂಪು ಮಸಿಯಿಂದ ಅದಕ್ಕೆ ಮುದ್ರೆಯೂ ಬಿದ್ದಿತ್ತು. ಶಾಲೆಯಲ್ಲಿ ನಾವು ಕೇಳುವ ಪ್ರಶ್ನೆಗಳೆಲ್ಲ ‘ಗೊತ್ತೆ?’ ಎಂಬ ಒಂದೇ ಪದದಿಂದ ಕೇಳುವ ಪ್ರಶ್ನೆಗಳು. ಅದಕ್ಕೆ ಉತ್ತರ ಕೊಡಲಾರದ ತಂದೆ ಏನೂ ಗೊತ್ತಿಲ್ಲದವನೆಂದು ಎಣಿಕೆಗೆ ಬರುತ್ತಾನೆ.

ಆದರೆ ನಮ್ಮ ನುಡಿಯನ್ನೇ ಸಾಕ್ಷಿಗೆ ಕರೆದು ಕೇಳೋಣ. ಸರ್ಕಾರದ ಜನಗಣತಿಯಲ್ಲಿ ಸಾಕ್ಷರನೆಂದರೆ ಏಳು ವರ್ಷ ದಾಟಿದ, ಯಾವುದಾದರೊಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಬರೆಯಬಲ್ಲ ವ್ಯಕ್ತಿ. ಓದ‘ಬಲ್ಲ’, ಬರೆಯ‘ಬಲ್ಲ’. ಮನೆಯ ಮಾತಿನಲ್ಲಿ ಹೇಳುವುದಾದರೆ, ‘ಓದಲು ಬರುತ್ತದೆ, ಬರೆಯಲು ಬರುತ್ತದೆ’. ಅಕ್ಷರವಿದ್ಯೆಗೆ ನಾವು ಇಟ್ಟ ಕ್ರಿಯಾಪದ ನೇಯ್ಗೆಗೆ ಇಟ್ಟ ಕ್ರಿಯಾಪದವೇ. ಮೇಷ್ಟರ ಕೈಯ ಲೇಖಣಿಗೂ ನೇಕಾರನ ಕೈಯ ಲಾಳಿಗೂ ಕನ್ನಡ ಪಂಕ್ತಿಭೇದ ಮಾಡಿಲ್ಲ. ಭೇದವನ್ನು ಮಾಡಿದವರು ನಾವು. ರೋಮಿನ ಅಡುಗೆಮನೆಯ ಪದ ಪಂಡಿತರ ಪದವನ್ನು ಕೆಳಗಿಳಿಸಿ ತಾನು ಪೀಠವೇರಿತು. ನಮ್ಮಲ್ಲಿ ಮಗ್ಗದ ಪದ, ಗಾಣದ ಪದ, ವಿದ್ಯೆಯ ಪದ ಒಂದೇ ಆಗಿದ್ದೂ, ಅವನ್ನಾಡುವವರು ಬಾಗಿಲಾಚೆಯೇ ನಿಂತರು.

ಆ ಹುಡುಗನ ವಹಿ ಈಗ ಎಲ್ಲಿದೆಯೋ! ರದ್ದಿಗೆ ಹೋಗಿರಬಹುದು. ಅದು ಮರಳಿ ನನ್ನ ಕೈಗೆ ಬಂದರೆ ಅಂಕವನ್ನು ಬದಲಿಸಲಾರೆ. ಏಳು ಸರಿಯಾದ ಅಂಕವೇ. ‘ಏನೂ ಗೊತ್ತಿಲ್ಲ’ ಎಂಬುದನ್ನೂ ಮುಟ್ಟಲಾರೆ. ಅದು ಒಬ್ಬ ಹಿರಿಯನ ವಿನಯದ ಮಾತು, ಇದ್ದರೆ ಇರಲಿ. ಎರಡನೆಯ ವಾಕ್ಯದ ಮೇಲೆ ಹಾಕಿದ ‘ಸರಿ’ಯ ಗುರುತನ್ನು ಅಳಿಸಿ, ಅದರೊಳಗಿನ ಒಂದು ಪದವನ್ನು ಮಾತ್ರ ಹೊಡೆದುಹಾಕುತ್ತೇನೆ. ಆಗ ಅದು ಹೀಗಾಗುತ್ತದೆ: “ಅವನಿಗೆ ನೇಯಲು ಬರುತ್ತದೆ.”